ಮೂಲೆ ಹಿಡಿದ ಗಣಕಯಂತ್ರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿಯೂ ಹಳೆಯ ಗಣಕಯಂತ್ರ ಬಟ್ಟೆ ಹೊದ್ದು ಮೂಲೆ ಹಿಡಿದ ಮನೆಗಳುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಆಸರೆ ನಿಂತಮೇಲೆ ಅಂತಹವು ಹೆಚ್ಚಿರಲೂ ಸಾಕು. ಆದರೆ ಯಂತ್ರ ಸತ್ತಿಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನೂ ಅಪಾಚೆ ಎಂಬ ತಂತ್ರಾಂಶವನ್ನೂ ಅಳವಡಿಸಿದರೆ ಅದೇ ಮನೆಯ ಸರ್ವರ್ ಆದೀತು. ಸರ್ವರ್ ಎಂದರೆ ಮತ್ತೇನು? ಪಂಕ್ತಿಯಲ್ಲಿ ಕೇಳಿದವರಿಗೆ ಕೇಳಿದ್ದನ್ನು ಬಡಿಸುವವನು. ಅವನಿಗೆ ಮಹಾಬಲ ಬೇಡ, ಎಚ್ಚರ ಬೇಕು. 1990ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ಮೇಜಿನ ನೆಕ್ಸ್ಟ್ ಯಂತ್ರದಲ್ಲಿಯೇ. ಯಾರೂ ಅದನ್ನು ಆರಿಸಕೂಡದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅದರ ಮೈಮೇಲಿತ್ತು.

ಕೊಪ್ಪಳದ ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನಕ್ಕೆ ಕರೆಂಟು ಬೇಡ; ಇದಕ್ಕೆ ಬೇಕು. 100 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ನಡೆದರೆ ದಿನಕ್ಕೆ 2.4 ಯೂನಿಟ್ ಖರ್ಚು. ಅದಕ್ಕಿಂತ ಹಳೆಯ ಲ್ಯಾಪ್‌ಟಾಪೇ ಲೇಸು: ವಿದ್ಯುತ್ತು ಕಡಿಮೆ ಸಾಕು, ಕರೆಂಟು ಹೋದಾಗ ಬ್ಯಾಟರಿಯ ಆಸರೆಯೂ ಉಂಟು. ವೈಫೈ ರೂಟರಿಗೆ ಜೋಡಿಸಿಟ್ಟರೆ, ಇಂಟರ್ನೆಟ್ ಇಲ್ಲದಿದ್ದರೂ ಅಜ್ಜನ ಕೈಬರಹದ ವಹಿಗಳ ಚಿತ್ರವನ್ನು, ಅಜ್ಜಿಯ ಹಾಡಿನ ಧ್ವನಿಯನ್ನು ಮಕ್ಕಳು ಮೊಬೈಲಿನಲ್ಲಿ ತೆರೆಯಬಹುದು. ಹೊರಲೋಕಕ್ಕೆ ಬಾಗಿಲು ತೆಗೆಯುವ ಆತುರ ಬೇಡ. ಅದಕ್ಕೆ ಭದ್ರತೆಯ ಸಿದ್ಧತೆ ಬೇರೆಯೇ. ಹಳೆಯ ಡಿಸ್ಕನ್ನು ನಂಬಿ ಒಂದೇ ಪ್ರತಿಯನ್ನಿಡುವುದಂತೂ ಗೆದ್ದಲು ಹತ್ತಿದ ಪೆಟ್ಟಿಗೆಯಲ್ಲಿ ಓಲೆಗರಿಯನ್ನಿಟ್ಟಂತೆ. ಎರಡನೆಯ ಪ್ರತಿ ಇನ್ನೊಂದು ಡಿಸ್ಕಿನಲ್ಲಿ, ಇನ್ನೊಂದು ಮನೆಯಲ್ಲಿ ಇರತಕ್ಕದ್ದು.