ಕಾರನ್ನು ತಗ್ಗಿಸುವ ಮುನ್ನ

ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರು ನೋಡಲು ಚೆಂದ. ಇದನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಕಂಪೆನಿಯವರು ಕಳಿಸಿದ ಕಾರು, ಹರೆಯದ ಕಣ್ಣಿಗೆ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಕಾರು ತಗ್ಗಿಸುವ ಹುಡುಗರನ್ನು ಕಂಡರೆ ಹಿರಿಯರು 'ಹಣ ಹೆಚ್ಚಾಗಿದೆ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಗಲ್ಫಿನ ವರ್ಕ್‌ಶಾಪೊಂದರಲ್ಲಿ ಹನ್ನೊಂದು ವರ್ಷ ಸಸ್ಪೆನ್ಶನ್ ಕೆಲಸ ಮಾಡಿ ಊರಿಗೆ ಮರಳಿದ ನನಗೆ ಹಾಗೆ ಮುಗಿಸಲಾಗುವುದಿಲ್ಲ. ಬೈದು ಕಳಿಸಿದರೆ ಹುಡುಗ ಸ್ಪ್ರಿಂಗ್ ಕತ್ತರಿಸುವವನ ಬಳಿಗೆ ಹೋಗುತ್ತಾನೆ, ಅಷ್ಟೇ.

ಕಳೆದ ರಜೆಯಲ್ಲಿ ಜಿದ್ದಾದಿಂದ ಬಂದ ನನ್ನ ತಂಗಿಯ ಮಗ, "ಮಾಮ, ಪೋಲೊಗೆ ಕಾಯಿಲೋವರ್ ಹಾಕಿಸಬೇಕು, ಯಾವುದು ಒಳ್ಳೆಯದು?" ಎಂದು ಕೇಳಿದ. ಎಂಟು ವರ್ಷ ಓಡಿದ ಫೋಕ್ಸ್‌ವ್ಯಾಗನ್ ಪೋಲೊ ಅದು. "ಎಷ್ಟು ತಗ್ಗಿಸಬೇಕು?" ಎಂದೆ. "ಆದಷ್ಟು" ಎಂದ. "ನೀನು ಜಿದ್ದಾದಲ್ಲಿರುವಾಗ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?" ಎಂದು ಕೇಳಿದಾಗ ಅವನು ಸುಮ್ಮನಾದ. ಕೂರುವುದು ಅವನ ಉಮ್ಮ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದವಳು. ವಾರಕ್ಕೊಮ್ಮೆ ಕಿರಿಯ ಮಗ ಅವಳನ್ನು ಅದೇ ಕಾರಿನಲ್ಲಿ ಪುತ್ತೂರಿನಿಂದ ಮಂಗಳೂರಿಗೆ ಫಿಸಿಯೋಥೆರಪಿಗೆ ಕರೆದೊಯ್ಯುತ್ತಾನೆ.

ಕಾಯಿಲೋವರ್ ಎಂದರೇನೋ ಮಾಯದ ವಸ್ತುವಲ್ಲ. ಶಾಕ್ ಅಬ್ಸಾರ್ಬರಿನ ಮೈಸುತ್ತ ಸ್ಪ್ರಿಂಗ್ ಕೂರಿಸಿದ ಜೋಡಣೆ. ಫೋರ್ಡ್ ಕಂಪೆನಿಯ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದ ಕೊನೆಗೆ ರೂಪಿಸಿದ ಸ್ಟ್ರಟ್ ಕೂಡ ಅಂಥದ್ದೇ. ಮಾರುತಿ 800ರಿಂದ ಪೋಲೊವರೆಗೆ ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಅದೇ. ಅಂಗಡಿಯಲ್ಲಿ ಮಾರುವ ಕಾಯಿಲೋವರಿನ ವಿಶೇಷವೆಂದರೆ ಮೈಮೇಲೆ ಕೊರೆದ ಮರೆ. ಸ್ಪ್ರಿಂಗ್ ಕೂತಿರುವ ರಿಂಗನ್ನು ಆ ಮರೆಯ ಮೇಲೆ ತಿರುಗಿಸಿ ಕಾರನ್ನು ಏರಿಸಬಹುದು, ಇಳಿಸಬಹುದು. ಪೋಲೊದ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹೀಗಾಗಿ 'ಕಾಯಿಲೋವರ್ ಸೆಟ್' ಎಂದು ಕೊಂಡರೂ ಹಿಂದಕ್ಕೆ ಬರುವುದು ಬಿಡಿ ಸ್ಪ್ರಿಂಗ್, ಬಿಡಿ ಶಾಕ್ ಮತ್ತು ಎತ್ತರ ಹೊಂದಿಸುವ ಒಂದು ಬಿಲ್ಲೆ.

ಹುಡುಗರು ಕೇಳುವ ಮೊದಲ ಪ್ರಶ್ನೆ ಎತ್ತರದ್ದು. ಕೇಳಬೇಕಾದದ್ದು ಅಂತರದ್ದು. ಹೊಂಡಕ್ಕೋ ಹಂಪಿಗೋ ಚಕ್ರ ಬಡಿದಾಗ ಅದು ಮೇಲೇಳಲು ಎಷ್ಟು ಜಾಗ ಉಳಿದಿದೆ? ಒಂದು ಕಾರಿನಲ್ಲಿ ಈ ಜಾಗ 80 ಮಿಲಿಮೀಟರ್ ಇದೆ ಎಂದಿಟ್ಟುಕೊಳ್ಳಿ. 40 ಮಿಲಿಮೀಟರ್ ತಗ್ಗಿಸಿದರೆ ಅರ್ಧ ಹೋಯಿತು. ಅದೇ ಹೊಡೆತವನ್ನು ಅರ್ಧ ಅಂತರದಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಗಡಸಾಗಬೇಕು. ರಸ್ತೆಯ ಕಾರಿಗೆ ಅಷ್ಟು ಗಡಸು ಸ್ಪ್ರಿಂಗ್ ಯಾರೂ ಕೊಡುವುದಿಲ್ಲ, ಕೊಟ್ಟರೆ ಕೂರಲಾಗುವುದಿಲ್ಲ. ಉಳಿದ ಹೊಡೆತ ಸೀದಾ ರಬ್ಬರಿನ ತಡೆಗೆ, ಅಲ್ಲಿಂದ ಕಾರಿನ ಮೈಗೆ, ಅಲ್ಲಿಂದ ಕೂತವರ ಬೆನ್ನಿಗೆ. ಸ್ಪ್ರಿಂಗ್ ಕತ್ತರಿಸಿದರೆ ಇನ್ನೂ ಕಷ್ಟ. ಚಕ್ರ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ತನ್ನ ಗೂಡಿನಿಂದ ಸಡಿಲಗೊಂಡು ಕದಲಬಹುದು. ತಿರುವಿನಲ್ಲಿ ಹಾಗಾದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಇನ್ನು ನೆಲದ ಲೆಕ್ಕ. ಪೋಲೊ ಖಾಲಿಯಿರುವಾಗ ನೆಲದಿಂದ ಸುಮಾರು 165 ಮಿಲಿಮೀಟರ್ ಎತ್ತರ. 40 ಕಳೆದರೆ 125. ಐದು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಇನ್ನಷ್ಟು ಇಳಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿ, ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಎಂದು ಹೇಳಿತ್ತು. ಊರವರೇ ಸೇರಿ ರಾತ್ರಿ ಬೆಳಗಾಗುವುದರೊಳಗೆ ಎಬ್ಬಿಸುವ ಹಂಪುಗಳಿಗೆ ಆ ಪುಸ್ತಕದ ಪರಿಚಯವಿಲ್ಲ.

ಹಾಗಿದ್ದರೂ ಹಾಕಲೇಬೇಕೆಂದರೆ ಹೇಗೆ ಆರಿಸಬೇಕು? ನಾನು ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಮೊದಲನೆಯದು, ಸ್ಪ್ರಿಂಗಿಗೂ ಶಾಕಿಗೂ ಹೊಂದಾಣಿಕೆ ಇರಬೇಕು. ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದಂತೆ ಹಿಡಿಯುವುದು ಶಾಕ್. ಗಡಸು ಸ್ಪ್ರಿಂಗಿಗೆ ಹಳೆಯ ಮೆದು ಶಾಕ್ ಜೋಡಿಸಿದರೆ ಕಾರು ಹೊಂಡ ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ, ಟೈರು ರಸ್ತೆಯ ಹಿಡಿತ ಬಿಡುತ್ತದೆ. ಒಂದೇ ತಯಾರಕರು ಆ ಕಾರಿಗೆಂದೇ ಒಟ್ಟಾಗಿ ರೂಪಿಸಿದ ಸೆಟ್ ಕೊಳ್ಳಬೇಕೆನ್ನುವುದು ಇದಕ್ಕೇ.

ಎರಡನೆಯದು, ಎತ್ತರ ಬದಲಾಗುವುದು ಹೇಗೆಂದು ನೋಡಬೇಕು. ಸ್ಪ್ರಿಂಗಿನ ರಿಂಗ್ ಮಾತ್ರ ಇಳಿಸುವ ಬಗೆಯಲ್ಲಿ ಇಳಿಸಿದಷ್ಟೂ ಶಾಕಿನೊಳಗಿನ ಓಟ ಕಡಿಮೆಯಾಗುತ್ತದೆ. ಕೆಳಗಿನ ಬುಡವನ್ನೇ ತಿರುಗಿಸಿ ಇಡೀ ಉದ್ದ ಬದಲಿಸುವ ಬಗೆಯಲ್ಲಿ ಆ ಓಟ ಉಳಿಯುತ್ತದೆ. ಆದರೆ ಟೈರು ಕಮಾನಿಗೆ ಉಜ್ಜದಂತೆ ಕಾಯುವ ಹೊಣೆ ನಮ್ಮದೇ.

ಮೂರನೆಯದು, ಕಾಗದ ಓದಬೇಕು. ಕೆಡಬ್ಲ್ಯೂ, ಬಿಲ್‌ಸ್ಟೈನ್, ಎಚ್ ಆಂಡ್ ಆರ್‌ನಂಥ ಜರ್ಮನ್ ಕಂಪೆನಿಗಳ ಅನೇಕ ಸೆಟ್‌ಗಳ ಜೊತೆ ತಪಾಸಣೆಯ ವರದಿ ಬರುತ್ತದೆ. ಯಾವ ಮಾದರಿಗೆ, ಎಷ್ಟು ಭಾರಕ್ಕೆ, ಎಷ್ಟರಿಂದ ಎಷ್ಟರವರೆಗೆ ತಗ್ಗಿಸಬಹುದು ಎಂಬುದು ಅದರಲ್ಲಿರುತ್ತದೆ. ಜರ್ಮನಿಯಲ್ಲಿ ಅದನ್ನು ತೋರಿಸಿ ಕಾರನ್ನು ತಪಾಸಣೆಗೆ ಒಡ್ಡಬೇಕು. ಮರೆ ಇನ್ನೂ ಕೆಳಗಿದೆ ಎಂದ ಮಾತ್ರಕ್ಕೆ ಅಲ್ಲಿವರೆಗೆ ಇಳಿಸಬಹುದೆಂದು ಅರ್ಥವಲ್ಲ.

ನಾಲ್ಕನೆಯದು ನಮ್ಮ ಮಳೆ ಮತ್ತು ಉಪ್ಪುಗಾಳಿ. ನಾಲ್ಕು ತಿಂಗಳು ಕೆಸರಿನಲ್ಲಿ ಓಡಿದ ಮರೆ ತುಕ್ಕು ಕಚ್ಚಿದರೆ ರಿಂಗ್ ಅಲುಗುವುದೇ ಇಲ್ಲ. ತುಕ್ಕು ಹಿಡಿಯದ ಉಕ್ಕಿನ ಮೈ ಇರುವ ಸೆಟ್‌ಗೆ ಬೆಲೆ ಹೆಚ್ಚು. ಶಾಕ್ ಸೋರಿದಾಗ ಬಿಚ್ಚಿ ರಿಪೇರಿ ಮಾಡುವವರು ಹತ್ತಿರದಲ್ಲಿದ್ದಾರೆಯೇ ಎಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಬೇಕು.

ಐದನೆಯದು, ಹಾಕಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಕಾರು ತಗ್ಗಿದಾಗ ಕೆಳತೋಳು ಓರೆಯಾಗುತ್ತದೆ, ಚಕ್ರದ ಕೋನ ಬದಲಾಗುತ್ತದೆ, ಹೊಸ ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ. ತಗ್ಗಿಸಿದರೆ ತಿರುವಿನಲ್ಲಿ ವಾಲುವುದು ತಾನಾಗಿ ಕಡಿಮೆಯಾಗುತ್ತದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮ್ಯಾಕ್‌ಫರ್ಸನ್ ಜೋಡಣೆಯಲ್ಲಿ ಕಾರಿನ ಭಾರ ಎಷ್ಟು ಇಳಿಯುತ್ತದೋ, ಕಾರು ವಾಲುವ ಕೇಂದ್ರ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ವಾಲುವುದನ್ನು ತಡೆಯುವುದು ಗಡಸು ಸ್ಪ್ರಿಂಗ್, ತಗ್ಗಿದ ಎತ್ತರವಲ್ಲ.

ಇಷ್ಟೆಲ್ಲ ಕೇಳಿ ಅವನು, "ಕಾನೂನು ಏನು ಹೇಳುತ್ತದೆ ಮಾಮ?" ಎಂದ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಅನುಮತಿಯುಳ್ಳ ಕೆಲವು ಬದಲಾವಣೆಗಳಿಗೆ ಮಾತ್ರ ಅವಕಾಶ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ಇಟ್ಟಿತು. ದಂಡ ಕಟ್ಟಿ ಮರೆಯಬಹುದು. ಅಪಘಾತವಾದ ದಿನ ವಿಮೆಯವರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಚಾಲಕನ ಸೀಟಿನಲ್ಲಿದ್ದ ಅವನ ತಮ್ಮ.

ಮರುದಿನ ಕಾರನ್ನು ಎತ್ತಿ ನೋಡಿದೆವು. ಎರಡು ಶಾಕ್ ಸೋರುತ್ತಿದ್ದವು, ಬುಶ್‌ಗಳು ಹರಿದಿದ್ದವು. ಅವನು ಹೊಸ ಕಾಯಿಲೋವರನ್ನು ಹೋಲಿಸುತ್ತಿದ್ದದ್ದು ಕಂಪೆನಿಯ ಸಸ್ಪೆನ್ಶನ್ನಿಗಲ್ಲ, ಸತ್ತುಹೋದ ಸಸ್ಪೆನ್ಶನ್ನಿಗೆ. ಅನೇಕರ ವಿಷಯದಲ್ಲಿ ನಡೆಯುವುದು ಇದೇ. ಕಂಪೆನಿಯ ಅಳತೆಯದೇ ನಾಲ್ಕು ಹೊಸ ಶಾಕ್, ಬುಶ್‌ಗಳನ್ನು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದ. ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳತೊಡಗಿತು. ಸೆಟ್‌ಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಅವನ ಆಸೆ ಹೋಗಿಲ್ಲ, ಹೋಗಬೇಕೆಂದು ನಾನೂ ಬಯಸುವುದಿಲ್ಲ. ಮುಂದೆ ಒಂದು ಹಳೆಯ ಕಾರು ಕೊಂಡು ಕೊಯಮತ್ತೂರಿನ ಅಥವಾ ಚೆನ್ನೈಯ ರೇಸ್ ಟ್ರ್ಯಾಕಿಗೆಂದೇ ಸಿದ್ಧಪಡಿಸುತ್ತಾನಂತೆ. ಆ ದಿನ ಸ್ಪ್ಯಾನರ್ ಹಿಡಿಯಲು ನಾನೂ ಹೋಗುತ್ತೇನೆ. ಈಗ ಅವನು ಜಿದ್ದಾದಲ್ಲಿದ್ದಾನೆ. ಕಳೆದ ವಾರ ಆಸ್ಪತ್ರೆಯಿಂದ ಮರಳಿದ ತಂಗಿ ಫೋನ್ ಮಾಡಿ, "ಕಾಕ, ಈಗೀಗ ಮಂಗಳೂರು ಸ್ವಲ್ಪ ಹತ್ತಿರ ಬಂದ ಹಾಗಿದೆ" ಎಂದಳು.