ಸಟ್ಟುಗವೇ ರಾಜದಂಡವಾದ ಊರು

ಬಾಯಾರಿನಿಂದ ಉಪ್ಪಳಕ್ಕೆ ಇಳಿದು ಹೆದ್ದಾರಿ ಹಿಡಿದರೆ ಉಡುಪಿಗೆ ದಾರಿ ನೆಟ್ಟಗೆ ಉತ್ತರಕ್ಕೆ. ತಲಪಾಡಿಯಲ್ಲಿ ರಾಜ್ಯ ಬದಲಾಗುತ್ತದೆ. ಆಮೇಲೆ ನೇತ್ರಾವತಿ, ಕೂಳೂರಿನಲ್ಲಿ ಫಲ್ಗುಣಿ, ಮೂಲ್ಕಿಯಲ್ಲಿ ಶಾಂಭವಿ, ಕೊನೆಗೆ ಉದ್ಯಾವರದ ಹೊಳೆ. ಸೇತುವೆ ಬಂದಾಗಲೆಲ್ಲ ಮಗಳಿಗೆ ಹೊಳೆಯ ಹೆಸರು ಬೇಕು. ಅಮ್ಮನಿಗೆ ಮಾತ್ರ ಒಂದೇ ಚಿಂತೆ: ಊಟದ ಹೊತ್ತಿಗೆ ಮಠ ಮುಟ್ಟುತ್ತೇವೋ ಇಲ್ಲವೋ. 1956ರ ತನಕ ಬಾಯಾರೂ ಉಡುಪಿಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ರಾಜ್ಯ ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು, 1997ರಲ್ಲಿ ಉಡುಪಿ ತಾನೇ ಒಂದು ಜಿಲ್ಲೆಯಾಯಿತು. ಗೆರೆ ಎಷ್ಟು ಬಿದ್ದರೂ ತೆಂಗಿನಕಾಯಿ ಅರೆದು, ಸಾಸಿವೆ ಒಗ್ಗರಣೆ ಕೊಟ್ಟ ಕೊದ್ದೆಲು ಎರಡೂ ಕಡೆ ಒಂದೇ.

ಶನಿವಾರದ ರಥಬೀದಿ ಜನರಿಂದ ತುಂಬಿತ್ತು. ನಡುವೆ ಚಂದ್ರಮೌಳೀಶ್ವರ, ಅನಂತೇಶ್ವರ, ಸುತ್ತ ಅಷ್ಟಮಠಗಳು. ಕೃಷ್ಣಮಠದಲ್ಲಿ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮುಂದೆ ಮಗಳನ್ನು ಎತ್ತಿ ಹಿಡಿದೆ. ‘ಕೈಯಲ್ಲಿ ಎಂತ ಇದೆ ಅಜ್ಜಿ?’ ಎಂದಳು. ‘ಕಡಗೋಲು ಪುಟ್ಟೀ. ಮಜ್ಜಿಗೆ ಕಡೆಯುವುದಲ್ವಾ, ಅದೇ.’ ಎಷ್ಟೋ ಸಲ ನೋಡಿದ ಮೂರ್ತಿ. ಆದರೆ ಬಿಲ್ಲು, ಚಕ್ರಗಳನ್ನೆಲ್ಲ ಬಿಟ್ಟು ಅಡುಗೆಮನೆಯ ಸಲಕರಣೆ ಹಿಡಿದು ನಿಂತ ದೇವರು ಇವನು ಎಂಬುದು ಮಗುವಿನ ಆ ಪ್ರಶ್ನೆಯಿಂದಲೇ ನನಗೆ ಹೊಳೆದದ್ದು.

ಅಲ್ಲಿಂದ ಮುಂದೆ ಉಡುಪಿಯಲ್ಲಿ ಎತ್ತ ನೋಡಿದರೂ ಅಡುಗೆಯೇ ಕಾಣತೊಡಗಿತು. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜೆಯನ್ನು ಎಂಟು ಮಂದಿ ಯತಿಗಳಿಗೆ ಒಪ್ಪಿಸಿದರು. ಎರಡು ತಿಂಗಳಿಗೊಮ್ಮೆ ತಿರುಗುತ್ತಿದ್ದ ಸರದಿಯನ್ನು 16ನೇ ಶತಮಾನದಲ್ಲಿ ಸೋದೆಯ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಅದೇ ಪರ್ಯಾಯ. ಜನವರಿ 18ರ ನಸುಕಿನಲ್ಲಿ ಸರದಿ ಮುಗಿಸಿದ ಸ್ವಾಮಿಗಳು ಹೊಸಬರ ಕೈಗೆ ಕೊಡುವುದೇನು? ಗರ್ಭಗುಡಿಯ ಕೀಲಿಕೈ, ಜೊತೆಗೆ ಅಕ್ಷಯಪಾತ್ರೆ ಮತ್ತು ಸಟ್ಟುಗ. ಅನ್ನದ ಪಾತ್ರೆ ಮತ್ತು ಬಡಿಸುವ ಸಟ್ಟುಗ! ಅಧಿಕಾರ ಹಸ್ತಾಂತರಕ್ಕೆ ಇದಕ್ಕಿಂತ ಘನವಾದ ಗುರುತು ಜಗತ್ತಿನಲ್ಲಿ ಎಲ್ಲಾದರೂ ಇದ್ದೀತೆಂದು ನನಗೆ ಅನಿಸುವುದಿಲ್ಲ. ಪೀಠ ಏರಿದವರು ಎರಡು ವರ್ಷ ದೇವರನ್ನು ಪೂಜಿಸಬೇಕು, ಬಂದವರಿಗೆ ಊಟ ಹಾಕಬೇಕು. ಅದಕ್ಕಾಗಿ ವರ್ಷ ಮೊದಲೇ ತಯಾರಿ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎಲೆ, ಅಕ್ಕಿ, ಸೌದೆ, ಭತ್ತ ಒಂದೊಂದಕ್ಕೂ ಒಂದೊಂದು ಪೂಜೆ.

ಮಧ್ವ ಸರೋವರದ ಬದಿಯಲ್ಲಿ ಕಟ್ಟಿಗೆ ರಥ ನೋಡಿ ಹೆಂಡತಿ ನಿಂತೇ ಬಿಟ್ಟಳು. ಒಲೆಗೆ ಹೋಗಬೇಕಾದ ಸೌದೆಯನ್ನೇ ಒಪ್ಪವಾಗಿ ಜೋಡಿಸುತ್ತ ತೇರಿನ ಆಕಾರಕ್ಕೆ ತಂದಿದ್ದಾರೆ. ಹತ್ತಿರ ಹೋದರೆ ಸೀಳಿದ ಮರದ ಒಗರು ವಾಸನೆ. ಉರಿದು ಬೂದಿಯಾಗುವ ವಸ್ತುವಿಗೂ ಇಷ್ಟು ಮರ್ಯಾದೆ.

ಊಟದ ಹೊತ್ತಿಗೆ ಮುಟ್ಟಿದ್ದೆವು. ನೆಲದ ಮೇಲೆ ಸಾಲಾಗಿ ಕೂತದ್ದೇ ತಡ, ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ ಬಂದವು. ಈರುಳ್ಳಿ, ಬೆಳ್ಳುಳ್ಳಿ ಸೋಕದ ಹುಳಿ. ಬಡಿಸುವವರ ಕೈ ನಿಲ್ಲುವುದಿಲ್ಲ, ಸಾಕು ಎನ್ನುವಷ್ಟರಲ್ಲಿ ಇನ್ನೊಂದು ಸೌಟು ಬಿದ್ದಾಗಿರುತ್ತದೆ. ಇದೇ ಪಂಕ್ತಿಯಲ್ಲಿ ಜಾತಿ ನೋಡಿ ಬೇರೆ ಕೂರಿಸುವ ಪದ್ಧತಿಯ ಬಗ್ಗೆ ನಾಡಿನಲ್ಲಿ ಜಗಳಗಳಾಗಿವೆ, ಆಗಬೇಕಾದದ್ದೇ. ಕನಕದಾಸರಿಗಾಗಿ ದೇವರೇ ತಿರುಗಿದನೆಂದು ನಂಬುವ ಊರು ಇದು. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದರಲ್ಲೇ ಆ ಸಟ್ಟುಗದ ಘನತೆ ಇದೆ ಎಂದು ಅಲ್ಲಿ ಕೂತಾಗ ಬಲವಾಗಿ ಅನಿಸಿತು.

ಸಂಜೆ ರಥಬೀದಿಯ ಮಿತ್ರ ಸಮಾಜದಲ್ಲಿ ಗೋಳಿಬಜೆ, ಬನ್ಸ್. ಮೈದಾ, ಮೊಸರು, ಶುಂಠಿ, ಹಸಿಮೆಣಸು, ತೆಂಗಿನ ಚೂರು: ಗೋಳಿಬಜೆಗೆ ಬೇಕಾದದ್ದು ಇಷ್ಟೇ. ಹಿಟ್ಟು ಹಿಡಿದ ಮುಷ್ಟಿಯನ್ನು ಅದುಮಿ, ಹೆಬ್ಬೆರಳ ಸಂದಿನಿಂದ ಎಣ್ಣೆಗೆ ಬಿಟ್ಟರೆ ಅದು ಒಂದು ಕ್ಷಣ ಮುಳುಗಿ, ಮೇಲೆದ್ದು, ತಾನಾಗಿ ಮಗುಚಿಕೊಳ್ಳುತ್ತದೆ. ಮುರಿದಾಗ ಒಳಗೆಲ್ಲ ಜಾಲರಿ, ಬಾಯಿಗೆ ಸಿಗುವ ಶುಂಠಿಯ ಚುರುಕು. ರಾತ್ರಿ ಡಯಾನಾದಲ್ಲಿ ಮಗಳಿಗೆ ಗಡ್‌ಬಡ್ ಐಸ್‌ಕ್ರೀಂ. ಉದ್ದದ ಗ್ಲಾಸಿನ ತಳದ ಜೆಲ್ಲಿ ಮುಟ್ಟುವ ತನಕ ಅವಳು ಮಾತಾಡಲಿಲ್ಲ.

ಈ ಸೀಮೆಯ ಅಡುಗೆಯವರೇ ತಾನೇ ಹೊರಗೆ ಹೋಗಿ ದೇಶಕ್ಕೆ ಊಟ ಹಾಕಿದ್ದು! ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಲ್ಲಿ 1924ರಲ್ಲಿ ತೆರೆದ ಹೋಟೆಲೇ ಇಂದಿನ ಎಂಟಿಆರ್. ಕಡಂದಲೆಯ ಕೃಷ್ಣ ರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಇಂದು ಉಡುಪಿ ಎಂಬ ಬೋರ್ಡು ಕಾಣದ ಪಟ್ಟಣ ನಮ್ಮ ದಕ್ಷಿಣದಲ್ಲಿ ಅಪರೂಪ.

ಆದಿತ್ಯವಾರ ಬೆಳಿಗ್ಗೆ ಎಂಜಿಎಂ ಕಾಲೇಜಿನ ಎದುರು ಸ್ವಲ್ಪ ಹೊತ್ತು ಕಾರು ನಿಲ್ಲಿಸಿದೆವು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರ ಇರುವುದು ಅಲ್ಲೇ. ನಮ್ಮ ತಾಲೂಕಿನ ಹೆಸರೊಂದನ್ನು ಈ ಊರು ಇಷ್ಟು ಜತನದಿಂದ ಇಟ್ಟುಕೊಂಡದ್ದು ಕಂಡು ಅಮ್ಮನ ಮುಖ ಅರಳಿತು.

ವಾಪಸಾಗುವಾಗ ಕಟಪಾಡಿಯಲ್ಲಿ ಪಡುವಣಕ್ಕೆ ತಿರುಗಿದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮಟ್ಟು. ಇಲ್ಲಿಯ ಗುಳ್ಳದ ಬೀಜವನ್ನು ವಾದಿರಾಜರೇ ಕೊಟ್ಟರೆಂದು ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಮುಷ್ಟಿ ತುಂಬುವ ಗುಂಡು ಬದನೆ, ಎಳೆ ಹಸಿರು ಮೈ ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಸಣ್ಣ ಮುಳ್ಳು. ಸಿಪ್ಪೆ ಎಷ್ಟು ತೆಳುವೆಂದರೆ ಬೆಂದಾಗ ಹುಳಿಯಲ್ಲೇ ಕರಗಿಹೋಗುತ್ತದೆ. ಅಮ್ಮ ಒಂದೊಂದನ್ನೂ ಒತ್ತಿ ನೋಡಿ ಆರಿಸುತ್ತ, ‘ಬೀಜ ಸಿಕ್ಕೀತಾ ಮಾರಾಯರೇ? ನಮ್ಮ ಬಾಯಾರಲ್ಲಿ ಹಾಕಿ ನೋಡುವಾ ಅಂತ’ ಎಂದರು. ಬೆಳೆಗಾರರು ನಕ್ಕರು. ‘ಗಿಡ ಆದೀತು ಅಮ್ಮಾ. ಆದರೆ ಈ ಹೊಯಿಗೆ ಮಣ್ಣು ನಿಮಗೆ ಎಲ್ಲಿ ಸಿಗಬೇಕು?’

ಈಗ ನಡೆಯುತ್ತಿರುವುದು ಶೀರೂರು ಮಠದ ಪರ್ಯಾಯ. 2028ರ ಜನವರಿ 18ಕ್ಕೆ ಸೋದೆಯ ಸರದಿ, ವಾದಿರಾಜರದ್ದೇ ಮಠ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವುದು ನಸುಕಿನಲ್ಲಿ, ಹಾಗಾಗಿ ಹಿಂದಿನ ದಿನವೇ ಹೋಗಿ ಉಳಿಯಬೇಕು. ಮಗಳಿಗೆ ಶಾಲೆಗೆ ರಜೆ ಹಾಕಿಸುವುದೆಂದು ಮಟ್ಟುವಿನ ಗದ್ದೆಯಲ್ಲಿ ನಿಂತೇ ತೀರ್ಮಾನವಾಯಿತು.