ಬೆವರುವ ಹರವಿ

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಕಲಿಸಿದವನು. ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಅನ್ವಯಿಸಿ ಹೇಳುವುದರಲ್ಲಿ ನನಗಿದ್ದ ಸುಖ ಬೇರಾವುದರಲ್ಲಿಯೂ ಇರಲಿಲ್ಲ. ಭೌತವಿಜ್ಞಾನವೆಂದರೆ ರಾಟೆ, ಸನ್ನೆ, ಮಸೂರಗಳ ಶಾಸ್ತ್ರ. ಉಸಿರಾಡುವ ಜೀವಕ್ಕೂ ಅದಕ್ಕೂ ಏನು ನಂಟು ಎಂದು ನಾನು ತಿಳಿದಿದ್ದೆ. ಈ ತಿಳಿವಳಿಕೆಯನ್ನು ತಿದ್ದಿದ್ದು ಒಂದು ಮಣ್ಣಿನ ಹರವಿ. ಆ ಪಾಠಕ್ಕೆ ಒಬ್ಬ ಹುಡುಗನ ಪ್ರಾಣವೇ ಬೆಲೆಯಾಗಬಹುದಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಇದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಭೀಮಾ ನದಿಯ ದಂಡೆಯ ಮೇಲಿರುವ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಾಣಿಸಿಕೊಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು 1994ರಿಂದ ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪವೇ ಹೊರಬಂದಿತು. ಅಲ್ಲಿನ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಜನೊಬ್ಬನ ಚಿತ್ರವಿದೆ. ಅದರ ಜೊತೆಗೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೊ’ ಎಂದು ಕೊರೆದಿದೆ. ಕನ್ನಡ ಮಾಸ್ತರನಿಗೆ ಇಷ್ಟು ಸಾಲದೆ? ಏಪ್ರಿಲ್ ತಿಂಗಳ ಮಧ್ಯಾಹ್ನವೆಂಬುದನ್ನು ಮರೆತು, ಬಯಲಿನಲ್ಲಿ ನಿಂತು ನಾನು ಮಾತಾಡುತ್ತಲೇ ಇದ್ದೆ. ಬೇರೆ ಶಾಸನಗಳಲ್ಲಿ ಅಶೋಕನು ದಾರಿಯುದ್ದಕ್ಕೂ ಬಾವಿ ತೋಡಿಸಿದ, ಮನುಷ್ಯರಿಗೂ ಪಶುಗಳಿಗೂ ಆಗಲೆಂದು ಗಿಡ ನೆಡಿಸಿದ ಸಂಗತಿ ಬರುತ್ತದೆ. ಅದನ್ನು ಬಣ್ಣಿಸುತ್ತಿದ್ದ ನಾನು, ನಲವತ್ತು ಮಕ್ಕಳಿಗೆ ಸಾಕಾಗುವಷ್ಟು ನೀರನ್ನು ತಂದಿರಲಿಲ್ಲ.

ನಮ್ಮ ಕಡೆಯ ಬಿಸಿಲನ್ನು ಕಂಡವರಿಗೇ ಗೊತ್ತು. ವಾಡಿ, ಶಹಾಬಾದ, ಸೇಡಂಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವಾಡಿಕೆ. ಕಾದ ಕಲ್ಲು ಕೆಳಗಿನಿಂದ, ಸೂರ್ಯ ಮೇಲಿನಿಂದ ಸುಡುತ್ತಿದ್ದರು. ಹಿಂದೆ ನಿಂತಿದ್ದ ಹುಡುಗನೊಬ್ಬ ಏನೇನೋ ತೊದಲತೊಡಗಿದ, ನೋಡುನೋಡುತ್ತಿದ್ದಂತೆ ಕುಸಿದುಬಿದ್ದ. ಓಡಿಹೋಗಿ ಮುಟ್ಟಿದೆ. ಮೈ ಕೆಂಡದಂತೆ ಕಾದಿತ್ತು, ಆದರೆ ಒಂದು ಹನಿ ಬೆವರಿಲ್ಲದೆ ಒಣಗಿತ್ತು. ಗಾಬರಿಯಿಂದ ಅವನ ಬಾಯಿಗೆ ನೀರು ಹಾಕಲು ಹೋದೆ. ಜೊತೆಗೆ ಬಂದಿದ್ದ ವಿಜ್ಞಾನದ ಮಾಸ್ತರರು ನನ್ನ ಕೈ ಹಿಡಿದರು. “ಎಚ್ಚರ ತಪ್ಪಿದವನ ಬಾಯಿಗೆ ಹಾಕಬೇಡಿರಿ, ನೀರು ಉಸಿರಿನ ನಾಳಕ್ಕೆ ಹೋದೀತು. ಮೈಮೇಲೆ ಹಾಕಿರಿ!” ಎಂದರು.

ಹುಡುಗನನ್ನು ಬೇವಿನ ಮರದ ನೆರಳಿಗೆ ಎತ್ತಿಕೊಂಡು ಹೋದೆವು, ಅಂಗಿ ಬಿಚ್ಚಿದೆವು. ಅಷ್ಟರಲ್ಲಿ ಹೊಲದ ಕಡೆಗೆ ಹೊರಟಿದ್ದ ಹೆಂಗಸೊಬ್ಬಳು ತಲೆಯ ಮೇಲಿನ ಕೊಡವನ್ನೂ ಸೊಂಟದ ಮೇಲಿನ ಕೊಡವನ್ನೂ ನಮ್ಮೆದುರು ಇಳಿಸಿದಳು. “ತೊಗೊಳ್ರಿ ಮಾಸ್ತರ. ನೀರು ಮತ್ತ ತರಾಕ ಬರ್ತದ, ಜೀವ ತರಾಕ ಬರಂಗಿಲ್ಲ” ಎಂದಳು. ನಾವು ನೀರು ಸುರಿದೆವು. ಮಕ್ಕಳು ಟವೆಲು, ಪುಸ್ತಕ, ಕೈಗೆ ಸಿಕ್ಕಿದುದನ್ನೆಲ್ಲ ಹಿಡಿದು ಗಾಳಿ ಬೀಸಿದರು. ಜೀಪು ಸಿಕ್ಕಿ ಆಸ್ಪತ್ರೆ ಸೇರುವವರೆಗೂ ಒದ್ದೆ ಬಟ್ಟೆ, ಗಾಳಿ ನಿಲ್ಲಲಿಲ್ಲ. ಸಂಜೆಗೆ ಹುಡುಗ ಕಣ್ಣು ತೆರೆದ. “ಕೂಡಲೇ ಮೈ ತಂಪು ಮಾಡಿದ್ದರಿಂದ ಉಳಿದ” ಎಂದರು ವೈದ್ಯರು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬಸ್ ನಿಲ್ದಾಣದ ಅರವಟ್ಟಿಗೆಯಲ್ಲಿ ಕುಳಿತಿದ್ದಾಗ ಗೆಳೆಯರು ಅಲ್ಲಿದ್ದ ಹರವಿಯನ್ನು ತೋರಿಸಿ, “ಇದರ ಮೈ ಮುಟ್ಟಿ ನೋಡಿರಿ” ಎಂದರು. ಅದು ಒದ್ದೆಯಾಗಿತ್ತು. ಹರವಿಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಗೆ ಜಿನುಗುತ್ತದೆ. ಹೊರಮೈಗೆ ಬಂದು ಆವಿಯಾಗುತ್ತದೆ. ನೀರಿನ ಅಣುಗಳಲ್ಲಿ ಅತಿ ವೇಗವುಳ್ಳವು ಹಾರಿಹೋಗುವಾಗ ತಮ್ಮೊಡನೆ ಉಷ್ಣವನ್ನು ಒಯ್ಯುತ್ತವೆ. ಉಳಿದ ನೀರು ತಣ್ಣಗಾಗುತ್ತದೆ. “ಬಿಸಿಲಿನಲ್ಲಿ ನಮ್ಮ ದೇಹವೂ ಹೀಗೆಯೇ ತಣಿಯುತ್ತದೆ” ಎಂದರು ಅವರು.

ಅವರು ವಿವರಿಸಿದುದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಾವು ಉಂಡ ಅನ್ನ ಒಳಗೆ ಉರಿದು ಶಕ್ತಿಯಾಗುತ್ತದೆ. ಸುಮ್ಮನೆ ಕುಳಿತವನ ಮೈಯೂ ಒಂದು ನೂರು ವಾಟಿನ ದೀಪದಷ್ಟು ಉಷ್ಣವನ್ನು ಹೊರಸೂಸುತ್ತಿರುತ್ತದೆ. ಈ ಉಷ್ಣ ಹೊರಗೆ ಹೋಗದಿದ್ದರೆ ಒಳಗಿನ 37 ಡಿಗ್ರಿ ಏರುತ್ತಾ ಹೋಗುತ್ತದೆ. 40 ದಾಟಿತೆಂದರೆ ಮಿದುಳು ತಡೆಯಲಾರದು. ವಹನ, ಸಂವಹನ, ವಿಕಿರಣಗಳೆಂಬ ಮೂರು ದಾರಿಗಳಿಂದ ಉಷ್ಣವು ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಹರಿಯುತ್ತದೆ. ಆದರೆ ಚರ್ಮ 35 ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ 42ರಲ್ಲಿದ್ದರೆ? ಈ ದಾರಿಗಳೇ ತಿರುವುಮುರುವಾಗಿ ಹೊರಗಿನ ಬಿಸಿ ಒಳಗೆ ನುಗ್ಗುತ್ತದೆ. ಆಗ ಉಳಿಯುವುದು ನಾಲ್ಕನೆಯ ದಾರಿಯೊಂದೇ: ಬಾಷ್ಪೀಕರಣ. ಮೈಮೇಲಿನ ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಒಂದು ಲೀಟರ್ ಬೆವರು ಒಯ್ಯುವ ಉಷ್ಣದಿಂದ, 30 ಡಿಗ್ರಿಯಲ್ಲಿರುವ ಎಂಟು ಲೀಟರ್ ನೀರನ್ನು ಹೆಚ್ಚುಕಡಿಮೆ ಕುದಿಯುವ ಹಂತಕ್ಕೆ ತರಬಹುದು! ಆದರೆ ಬೆವರು ಆವಿಯಾಗಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಫಲವಿಲ್ಲ. ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯಲ್ಲಿ, ನಮ್ಮಲ್ಲಿಗಿಂತ ಕಡಿಮೆ ಬಿಸಿಯಿದ್ದರೂ ಜನ ಬಳಲುವುದು ಈ ಕಾರಣದಿಂದ. ನಮ್ಮ ಒಣ ಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಅಷ್ಟೇ ಬೇಗ ದೇಹದ ಹರವಿಯೂ ಬರಿದಾಗುತ್ತದೆ. ಆ ಹುಡುಗ ಬೆಳಗಿನಿಂದ ನೀರು ಕುಡಿದಿರಲಿಲ್ಲ. ನಾವು ಸುರಿದ ಎರಡು ಕೊಡ ನೀರು ಅವನಲ್ಲಿ ಬತ್ತಿಹೋದ ಬೆವರಿನ ಕೆಲಸವನ್ನು ಮಾಡಿತು. ಬೀಸಿದ ಗಾಳಿ ಅದನ್ನು ಬೇಗ ಆವಿಯಾಗಿಸಿತು.

ಇದನ್ನು ಬಹು ಹಿಂದೆಯೇ ಪರೀಕ್ಷಿಸಿ ನೋಡಿದವರಿದ್ದಾರೆ. 1774ರಲ್ಲಿ ಚಾರ್ಲ್ಸ್ ಬ್ಲಾಗ್ಡನ್ ಎಂಬ ಆಂಗ್ಲ ವೈದ್ಯನು ಗೆಳೆಯರೊಡನೆ, ಕುದಿಯುವ ನೀರಿಗಿಂತಲೂ ಬಿಸಿಯಾದ ಒಣ ಗಾಳಿಯ ಕೋಣೆಯನ್ನು ಹೊಕ್ಕನು. ಅಲ್ಲಿಟ್ಟ ಮೊಟ್ಟೆಗಳು ಬೆಂದು ಗಟ್ಟಿಯಾದವು. ಕೆಲವು ನಿಮಿಷ ಅಲ್ಲಿದ್ದ ಮನುಷ್ಯರು ಮಾತ್ರ ಕ್ಷೇಮವಾಗಿ ಹೊರಬಂದರು. ಅದೇ ಕೋಣೆಯಲ್ಲಿ ಬರಿಯ ನೀರು ಕುದಿಯಲಿಲ್ಲ. ಮೇಲೆ ಎಣ್ಣೆಯ ಪದರವಿದ್ದ ನೀರು ಕುದಿಯಿತು. ಎಣ್ಣೆ ಆವಿಯನ್ನು ತಡೆದಿತ್ತು.

ಈ ಅರಿವು ಬಂದ ಮೇಲೆ ಸುತ್ತಲ ಜೀವಜಗತ್ತು ನನಗೆ ಬೇರೆಯಾಗಿ ಕಾಣತೊಡಗಿತು. ಮೈಯಲ್ಲಿ ಬೆವರದ ನಾಯಿ ನಾಲಗೆ ಚಾಚಿ ತೇಕುತ್ತದೆ. ಬಾಯಿಯ ತೇವ ಆವಿಯಾಗಿ ಅದು ತಣಿಯುತ್ತದೆ. ಬೆವರುಗ್ರಂಥಿಗಳು ಕಡಿಮೆಯಿರುವ ಎಮ್ಮೆ ಭೀಮೆಯ ಕೆಸರನ್ನು ಮೈಗೆ ಬಳಿದುಕೊಂಡು, ಬೆವರನ್ನು ಹೊರಗಿನಿಂದ ಎರವಲು ಪಡೆಯುತ್ತದೆ. ಹುಡುಗನಿಗೆ ನೆರಳಿತ್ತ ಬೇವಿನ ಮರವೂ ಎಲೆಗಳ ಸಣ್ಣ ಬಾಯಿಗಳಿಂದ ಆವಿ ಬಿಟ್ಟು ತಂಪಾಗಿರುತ್ತದೆ. ಅಷ್ಟು ಎತ್ತರಕ್ಕೆ ನೀರನ್ನು ಏರಿಸುವವರಾರು? ಮೇಲಿನಿಂದ ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎಳೆಯಲಾರದು. ಎಲೆಯಿಂದ ಆವಿಯಾಗುವ ನೀರು ತನ್ನ ಹಿಂದಿನ ನೀರನ್ನು, ಅದು ತನ್ನ ಹಿಂದಿನದನ್ನು ಸರಪಳಿಯಂತೆ ಎಳೆಯುತ್ತದೆ; ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದೇ ಇದರ ಗುಟ್ಟು ಎಂದು ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ 1894ರಲ್ಲಿ ತಿಳಿಸಿದರು.

ಬೆವರು ಹಾದುಬರುವ ಚರ್ಮದ ರಚನೆಯನ್ನು ತಿಳಿಯಲು ನೆರವಾದವರೂ ಭೌತವಿಜ್ಞಾನಿಗಳೇ. ಸರ್ ಸಿ. ವಿ. ರಾಮನ್ನರ ಶಿಷ್ಯರಾದ ಜಿ. ಎನ್. ರಾಮಚಂದ್ರನ್ ಅವರು ಗೋಪಿನಾಥ ಕರ್ತಾ ಅವರೊಡನೆ 1954ರಲ್ಲಿ ಮದ್ರಾಸಿನಲ್ಲಿ, ಚರ್ಮಕ್ಕೂ ಮೂಳೆಗೂ ಬಲ ಕೊಡುವ ಕೊಲಾಜೆನ್ ಎಂಬ ವಸ್ತುವು ಮೂರೆಳೆಯ ಹಗ್ಗದಂತೆ ಹೊಸೆದುಕೊಂಡಿರುವುದನ್ನು ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಅಧ್ಯಯನಕ್ಕೆಂದೇ ಒಂದು ವಿಭಾಗವನ್ನು ಕಟ್ಟಿ ಬೆಳೆಸಿದರು.

ಮರುದಿನ ಹುಡುಗನ ತಂದೆಯ ಮುಂದೆ ನಾನು ತಲೆತಗ್ಗಿಸಿ ನಿಂತೆ. ಅವರು ಕಲ್ಲುಗಣಿಯಲ್ಲಿ ದುಡಿಯುವವರು. ನನ್ನನ್ನು ಬೈಯಲಿಲ್ಲ. “ನಾವು ಗಣಿಯಾಗ ತಲಿಗಿ ಹಸಿ ಅರಿವಿ ಸುತ್ತಿಕೊಂಡೇ ಕೆಲಸ ಮಾಡ್ತೀವ್ರಿ, ಸರ. ಹುಡುಗಗ ಹೇಳೋದು ಮರ್ತಿದ್ದೆ” ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಅವರ ತಲೆಯ ಒದ್ದೆ ಬಟ್ಟೆಯಲ್ಲಿದ್ದ ವಿಜ್ಞಾನ ನನ್ನ ಅಷ್ಟೊಂದು ಓದಿನಲ್ಲಿ ಇರಲಿಲ್ಲ.

ಆ ವರ್ಷವೇ ನನ್ನ ತರಗತಿಯ ಬಾಗಿಲಲ್ಲಿ ಒಂದು ದೊಡ್ಡ ಹರವಿಯನ್ನು ಇರಿಸಿದೆ. ನಿವೃತ್ತನಾಗುವವರೆಗೆ, ಬೇಸಿಗೆಯಲ್ಲಿ ಪದ್ಯವನ್ನು ಆರಂಭಿಸುವ ಮೊದಲು ಮಕ್ಕಳನ್ನು ಕೇಳುತ್ತಿದ್ದೆ: “ಎಲ್ಲರೂ ನೀರು ಕುಡಿದಿರೇನು?”